ಅರಿಯದಿರುವುದೇ ಶೀಲವೇ?

ಶಾಲೆಗಳಲ್ಲಿ ಲೈಂಗಿಕ ಶಿಕ್ಷಣದ ಪ್ರಸ್ತಾಪ ಬಂದಾಗಲೆಲ್ಲ ಧರ್ಮಶ್ರದ್ಧೆಯುಳ್ಳ ತಂದೆತಾಯಿಗಳು ಎತ್ತುವ ಆಕ್ಷೇಪ ಒಂದೇ: ಅರಿಯದ ಮಕ್ಕಳಿಗೆ ಇದನ್ನೆಲ್ಲ ಅರುಹುವುದೇಕೆ? 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದಾಗ ಕೇಳಿಬಂದುದು ಈ ಮಾತೇ. ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯು 2009ರಲ್ಲಿ ನೀಡಿದ ವರದಿಯೂ ಶಾಲೆಗಳಿಗೆ ಲೈಂಗಿಕ ಶಿಕ್ಷಣ ಸಲ್ಲದೆಂದು ಹೇಳಿ, ಸಂತರ ಹಾಗೂ ಸ್ವಾತಂತ್ರ್ಯ ಹೋರಾಟಗಾರರ ಚರಿತ್ರೆಯನ್ನು ಬೋಧಿಸಲು ಸಲಹೆ ಮಾಡಿತು. ಸಂತರ ಚರಿತ್ರೆ ಯಾರಿಗೂ ಬೇಡವಲ್ಲ. ಆದರೆ ಅದು ಈ ಪ್ರಶ್ನೆಗೆ ಉತ್ತರವಾಗಲಾರದು. 2025ರಲ್ಲಿ ರಾಜ್ಯದ ಶಿಕ್ಷಣ ಸಚಿವರು 8ರಿಂದ 12ನೆಯ ತರಗತಿಯವರೆಗೆ ಇಂತಹ ಶಿಕ್ಷಣ ನೀಡುವ ಮಾತನ್ನಾಡಿದ ಮೇಲೆ ವಿಚಾರವು ಮತ್ತೆ ಮನೆಮನೆಯ ಬಾಗಿಲಿಗೆ ಬಂದಿದೆ.

ಮಂಗಳೂರಿನ ಕೊಡಿಯಾಲ್‌ಬೈಲ್‌ನಂತಹ ಕಡೆ ಈ ಆತಂಕ ಒಂದೇ ಮತದವರದಲ್ಲ. ಬಿಷಪರ ನಿವಾಸ, ಬೆಸೆಂಟ್ ವಿದ್ಯಾಸಂಸ್ಥೆ, ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾನೂನು ಮಹಾವಿದ್ಯಾಲಯ ಇವೆಲ್ಲ ಅಲ್ಲಿ ನಡೆದು ಹೋಗುವಷ್ಟು ಸಮೀಪದಲ್ಲಿವೆ. ಶ್ರಾವಕರ ಮಗಳು ಕ್ರೈಸ್ತ, ಮುಸ್ಲಿಮ್, ಕೊಂಕಣಿ ಮನೆಗಳ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತಿರುವಾಗ, ಯಾರ ಮರ್ಯಾದೆಯ ಅಳತೆಯಲ್ಲಿ ಪಾಠ ಹೇಳಬೇಕೆಂಬ ಪ್ರಶ್ನೆ ನ್ಯಾಯವಾದುದೇ.

ಆದರೆ ಜೈನ ತಂದೆತಾಯಿಗಳು ತಮ್ಮ ಆಕ್ಷೇಪಕ್ಕೆ ಧರ್ಮವನ್ನು ಆಧಾರವಾಗಿ ಹಿಡಿಯುವ ಮೊದಲು ಒಮ್ಮೆ ಶಾಸ್ತ್ರದ ಕಡೆ ನೋಡುವುದು ಒಳಿತು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಓದುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಬ್ರಹ್ಮಚರ್ಯಾಣುವ್ರತದ ಐದು ಅತಿಚಾರಗಳನ್ನು ಹೆಸರಿಟ್ಟು ಹೇಳಿದ್ದಾರೆ. ಪರಸಂಬಂಧ, ಅಸಹಜ ಕ್ರೀಡೆ, ಕಾಮದ ತೀವ್ರಾಸಕ್ತಿ ಯಾವುದನ್ನೂ ಅವರು ಸಂಕೋಚದಿಂದ ಮುಚ್ಚಿಡಲಿಲ್ಲ. ತ್ಯಜಿಸಬೇಕಾದುದನ್ನು ತಿಳಿಯದೆ ತ್ಯಜಿಸುವುದು ವ್ರತವಾಗದು. ಜ್ಞಾನದ ಬಳಿಕವೇ ಚಾರಿತ್ರ. 1209ರ ಜನ್ನನ ಯಶೋಧರ ಚರಿತೆಯಲ್ಲಿ ರಾಣಿ ಅಮೃತಮತಿ ಮಾವುತನ ಗಾನಕ್ಕೆ ಮನಸೋತು ಕೆಡುವುದನ್ನು ಕವಿ ಮರೆಮಾಚದೆ ಬಣ್ಣಿಸಿದ. ಅದನ್ನು ಧರ್ಮಕಾವ್ಯವೆಂದೇ ಸಮಾಜ ಆದರಿಸಿತು. ಕಾವ್ಯದಲ್ಲಿ ಸಂದದ್ದು ಹದಿನಾಲ್ಕರ ಮಗಳಿಗೆ ತಾಯಿಯ ಬಾಯಲ್ಲಿ ಬಂದರೆ ಮಾತ್ರ ಅಶ್ಲೀಲವೆನಿಸುವುದು ವಿಚಿತ್ರ.

ಮೌನದ ಬೆಲೆಯನ್ನು ತೆರುವವರು ಮಕ್ಕಳು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ನೆರೆಯ ಕೇರಳ, ಗೋವಾ ಸೇರಿದಂತೆ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನಿಸಲಾದ 12,447 ಮಕ್ಕಳಲ್ಲಿ ಶೇ. 53.22ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದುದಾಗಿ ಹೇಳಿದ್ದರು. ದುಷ್ಕರ್ಮಿಗಳಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು. 2012ರಲ್ಲಿ ಪೋಕ್ಸೊ ಕಾಯಿದೆ ಬಂದಿತು, ನಿಜ. ತನಗೆ ಆದುದನ್ನು ಹೇಳಲು ಪದವೇ ಇಲ್ಲದ ಮಗುವಿಗೆ ಆ ಕಾಯಿದೆ ಹೇಗೆ ನೆರವಾದೀತು? ಪದವನ್ನು ಕೊಡದೆ ಇರುವುದು ಅಹಿಂಸೆಯ ಲಕ್ಷಣವಲ್ಲ.

ತಂದೆತಾಯಿಗಳ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆಗಿನ ಚಿತ್ರಪಟಗಳ ಬಗ್ಗೆ ಅಧ್ಯಾಪಕರೇ ಮುಜುಗರ ಪಟ್ಟರು. ಆಮೇಲೆ ಅವನ್ನು ತಿದ್ದಬೇಕಾಯಿತು. ದೇಹಶಾಸ್ತ್ರವನ್ನಷ್ಟೇ ಹೇಳಿ ಸಂಯಮ, ಹೊಣೆಗಾರಿಕೆಗಳ ಮಾತೆತ್ತದ ಪಾಠ ಅರೆಪಾಠವೇ ಸರಿ. ತರಬೇತಿಯಿಲ್ಲದ ಅಧ್ಯಾಪಕನ ಕೈಗೆ ಈ ವಿಷಯವನ್ನು ಒಪ್ಪಿಸುವುದೂ ತರವಲ್ಲ. ಪಠ್ಯವನ್ನು ಮುಂಚಿತವಾಗಿ ನೋಡಲು ಕೊಡಿರೆಂದು ಶಾಲೆಯನ್ನು ಕೇಳುವ ಹಕ್ಕು ಪೋಷಕರಿಗಿರಬೇಕು. ಬೇಡವೆಂದು ಬಾಗಿಲು ಮುಚ್ಚುವುದಕ್ಕೂ ಹೀಗಿರಲೆಂದು ಕುಳಿತು ತಿದ್ದುವುದಕ್ಕೂ ಅಂತರವಿದೆ. ಇದುವರೆಗೆ ಹೆಚ್ಚಿನವರು ಆರಿಸಿಕೊಂಡದ್ದು ಮೊದಲನೆಯದನ್ನು.

ಬಸದಿಗಳ ಆಡಳಿತ ಮಂಡಳಿಗಳೂ ಇಲ್ಲಿ ಕೈಕಟ್ಟಿ ಕೂರುವಂತಿಲ್ಲ. ಪರ್ವದ ಏಳನೆಯ ದಿನ ಸೂತ್ರಪಾಠ ಮುಗಿದ ಬಳಿಕ ಅದರ ಅರ್ಥವನ್ನು ಹರೆಯದವರಿಗೆ ಬಿಡಿಸಿ ಹೇಳುವ ಒಂದು ಗಂಟೆಯನ್ನು ಇಡಬಹುದು. ಹುಡುಗಿಯರಿಗೆ ಸಮಾಜದ ಒಬ್ಬ ವೈದ್ಯೆ, ಹುಡುಗರಿಗೆ ಒಬ್ಬ ವೈದ್ಯ, ಕಾಯಿದೆಯನ್ನು ತಿಳಿಸಲು ಒಬ್ಬ ವಕೀಲರು ಸಾಕು. ಪಕ್ಕದ ಕೋಣೆಯಲ್ಲಿ ತಂದೆತಾಯಿಗಳಿಗೂ ಅದೇ ಪಾಠವಾದರೆ, ಸಂಜೆ ಮನೆಯಲ್ಲಿ ಮಗು ಕೇಳುವ ಪ್ರಶ್ನೆಗೆ ಅವರು ಮುಖ ತಿರುಗಿಸಬೇಕಾಗಿ ಬಾರದು.