ನಾಗಲಾಪುರವೂ ಗ್ಯಾಟ್ಸ್‌ಬಿಯ ಸೌಧವೂ

ಫಿಟ್ಸ್‌ಜೆರಾಲ್ಡನ 'ದಿ ಗ್ರೇಟ್ ಗ್ಯಾಟ್ಸ್‌ಬಿ' (೧೯೨೫) ಎಂಬ ಅಮೆರಿಕನ್ ಕಾದಂಬರಿಯನ್ನು ಓದಿದ ಈ ಸೀಮೆಯ ವಿದ್ಯಾರ್ಥಿಗಳಿಗೆ ಹೊಸಪೇಟೆಯ ಕಥೆ ನೆನಪಾಗುವುದು ಸಹಜ. ಅಲ್ಲಿ ಬಡ ಸೈನ್ಯಾಧಿಕಾರಿಯೊಬ್ಬನು, ಬೇರೊಬ್ಬನ ಮಡದಿಯಾಗಿಬಿಟ್ಟ ಪ್ರೇಯಸಿಯನ್ನು ಮರಳಿ ಪಡೆಯಲೆಂದು ಕಳ್ಳವ್ಯಾಪಾರದಿಂದ ಸಂಪತ್ತನ್ನು ಗಳಿಸಿ, ಅವಳ ಮನೆಗೆ ಎದುರುದಡದಲ್ಲಿ ಭವ್ಯ ಸೌಧವೊಂದನ್ನು ಕೊಳ್ಳುತ್ತಾನೆ. ಇಲ್ಲಿ ಕೃಷ್ಣದೇವರಾಯನು ಯೌವನದ ಪ್ರೇಯಸಿಗಾಗಿ ಊರನ್ನೇ ಕಟ್ಟಿಸಿದನೆಂಬುದು ಪ್ರತೀತಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮೊದಲು ಆಧಾರಗಳನ್ನು ನೋಡಬೇಕು.

ಈ ಪ್ರತೀತಿಗೆ ಮೂಲ, ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸನ ಕೆಲವೇ ವಾಕ್ಯಗಳು. ಅರಸನ ಮೂವರು ಪ್ರಧಾನ ರಾಣಿಯರಲ್ಲಿ ಒಬ್ಬಳು ಒರಿಸ್ಸದ ರಾಜನ ಮಗಳು, ಒಬ್ಬಳು ಶ್ರೀರಂಗಪಟ್ಟಣದ ಸಾಮಂತನ ಮಗಳು, ಮತ್ತೊಬ್ಬಳು ಗಣಿಕೆ. ಪಟ್ಟಾಭಿಷೇಕಕ್ಕೆ ಮೊದಲೇ ಅವನ ಒಲವನ್ನು ಪಡೆದಿದ್ದ ಆಕೆ, ಅರಸನಾದರೆ ತನ್ನನ್ನು ವಿವಾಹವಾಗಬೇಕೆಂದು ಮಾತು ಪಡೆದಿದ್ದಳು. ಅರಸನು ಮಾತನ್ನು ನಡೆಸಿ, ಅವಳ ಮೇಲಿನ ಪ್ರೀತಿಯಿಂದ ಹೊಸ ನಗರವನ್ನು ಕಟ್ಟಿಸಿದನು. ಆದರೆ ನಗರದ ಹೆಸರು ಬರಬೇಕಾದ ಎಡೆ ಪಯಸನ ಬರಹದಲ್ಲಿ ಬರಿದಾಗಿದೆ! ಆ ನಗರವು ಇಂದಿನ ಹೊಸಪೇಟೆಯಾದ ನಾಗಲಾಪುರವೆಂದೂ, ನಾಗಲಾದೇವಿಯೆಂಬ ಗಣಿಕೆಯಿಂದ ಅದಕ್ಕೆ ಆ ಹೆಸರು ಬಂದಿತೆಂದೂ ರಾಬರ್ಟ್ ಸೆವೆಲನು ೧೯೦೦ರಲ್ಲಿ ಬರೆದನು. ಹಂಪೆಯ ವಿರೂಪಾಕ್ಷ ದೇಗುಲದ ಶಾಸನವಾದರೋ ನಾಗಲೆಯೆಂಬುದು ರಾಯನ ತಾಯಿಯ ಹೆಸರೆಂದು ಹೇಳುತ್ತದೆ. ತಿರುಮಲೆಯಲ್ಲಿ ರಾಯನ ಎಡಬಲಗಳಲ್ಲಿ ನಿಂತ ಲೋಹಪ್ರತಿಮೆಗಳು ತಿರುಮಲದೇವಿ, ಚಿನ್ನಾದೇವಿಯರವು, ಅಲ್ಲಿ ನಾಗಲಾದೇವಿಯಿಲ್ಲ. ಊರಿನ ಹೆಸರು ಮಾತೃಭಕ್ತಿಯ ಕುರುಹಾಗಿರುವ ಸಂಭವವೇ ಹೆಚ್ಚೆಂದು ನಮಗೆ ತೋರುತ್ತದೆ. ಪ್ರೇಮದ ಮಾತು ಪಯಸನದು. ಹೆಸರನ್ನು ಅದಕ್ಕೆ ಹೊಂದಿಸಿದವರು ನಾವು.

ಇನ್ನು ಹೋಲಿಕೆ. ಗ್ಯಾಟ್ಸ್‌ಬಿಯ ದೋಷ ಧನಾಶೆಯಲ್ಲ. ಕಳೆದ ಐದು ವರ್ಷಗಳನ್ನು ಹಣದಿಂದ ಅಳಿಸಬಹುದೆಂದು ಅವನು ನಂಬಿದ್ದಾನೆ. ಗಂಡನನ್ನು ತಾನು ಎಂದೂ ಪ್ರೀತಿಸಲಿಲ್ಲವೆಂದು ಡೇಸಿಯ ಬಾಯಿಂದಲೇ ಹೇಳಿಸಲು ಹಟ ಹಿಡಿಯುತ್ತಾನೆ. ಅವಳಿಂದ ಅದು ಆಗುವುದಿಲ್ಲ. ಆ ಸೌಧವನ್ನು ಅವಳು ಎಂದೂ ಬೇಡಿದವಳಲ್ಲ. ಪಯಸನ ಗಣಿಕೆಯಾದರೋ ಬೇಡಿದಳು, ಅದೂ ಕಾಲವಿರುವಾಗಲೇ. ಇಲ್ಲಿ ಕಳೆದುಹೋದ ಪ್ರೇಮವೂ ಇಲ್ಲ, ಅದರ ಬೆನ್ನಟ್ಟುವಿಕೆಯೂ ಇಲ್ಲ. ಕುಲಸ್ತ್ರೀಯ ಸ್ಥಾನವನ್ನು ಷರತ್ತಾಗಿ ಮುಂದಿಟ್ಟವಳು ಹೆಣ್ಣು, ಷರತ್ತಿಗೆ ಬದ್ಧನಾದವನು ಗಂಡು. ಈ ಅಂಶವನ್ನೇ ಬಿಟ್ಟು, ಆಕೆಯನ್ನು ಅರಸನ ಔದಾರ್ಯಕ್ಕೆ ಪಾತ್ರಳಾದ ಚೆಲುವೆಯೆಂದಷ್ಟೇ ತರಗತಿಗಳಲ್ಲಿ ಬಣ್ಣಿಸುತ್ತ ಬಂದಿದ್ದೇವೆ. (ಪ್ರಸ್ತುತ ಲೇಖಕರೂ ಈ ತಪ್ಪಿಗೆ ಹೊರತಲ್ಲ.) ಎರಡು ಕಥೆಗಳನ್ನೂ ಹೇಳುವವರು ಹೊರಗಿನವರು, ಅಲ್ಲಿ ನೆರೆಮನೆಯ ನಿಕ್, ಇಲ್ಲಿ ಪರದೇಶದ ಪಯಸ್. ಆದರೂ ಪರದೇಶಿಯ ಒಂದು ವಾಕ್ಯದಲ್ಲಿ ಹೆಣ್ಣಿನ ಇಚ್ಛೆಗೆ ದೊರೆತ ಎಡೆ ನಮ್ಮ ವಿಸ್ತಾರವಾದ ವರ್ಣನೆಗಳಲ್ಲಿ ದೊರೆತಿಲ್ಲ.

ನಿಜವಾದ ಸಾಮ್ಯ ಬೇರೆ ಕಡೆ ಇದೆ. ಕಾದಂಬರಿಯಲ್ಲಿ ಸಿರಿವಂತರ ಪ್ರೇಮಕ್ಕೆ ಬೆಲೆ ತೆತ್ತವರು ಬೂದಿಯ ಬಯಲಿನಲ್ಲಿ ಮೋಟಾರು ರಿಪೇರಿಯಿಂದ ಬದುಕುತ್ತಿದ್ದ ವಿಲ್ಸನ್ ಮತ್ತು ಅವನ ಹೆಂಡತಿ ಮಿರ್ಟಲ್. ರಾಯನು ಕಟ್ಟಿಸುತ್ತಿದ್ದ ಕೆರೆಯನ್ನೂ ಪಯಸನು ಕಂಡನು. ಹೊಸಪೇಟೆಯ ರಾಯರ ಕೆರೆಯೇ ಅದೆಂದು ಗುರುತಿಸುತ್ತಾರೆ. ಹದಿನೈದು ಇಪ್ಪತ್ತು ಸಾವಿರ ಜನ ನೆಲ ಕಾಣದಂತೆ ಅಲ್ಲಿ ದುಡಿಯುತ್ತಿದ್ದರೆಂದು ಅವನು ಬರೆದಿದ್ದಾನೆ. ಏರಿ ಎರಡು ಮೂರು ಬಾರಿ ಒಡೆಯಿತೆಂದೂ, ಅದು ನಿಲ್ಲಲೆಂದು ೬೦ ಮಂದಿಯ ತಲೆಗಳನ್ನು ಕಡಿಸಲಾಯಿತೆಂದೂ ಅದೇ ಬರಹದಲ್ಲಿದೆ. ಅವರಲ್ಲಿ ಒಬ್ಬರ ಹೆಸರನ್ನೂ ಅವನು ಕೊಟ್ಟಿಲ್ಲ.