ಕಲ್ಲಿನ ತೊಟ್ಟಿ, ಒಂದೇ ನೀರು

ತಿ. ನರಸೀಪುರದ ಸಂಗಮದಲ್ಲಿ ಕಪಿಲೆಯು ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ಮುಂದೆ ನಂಜನಗೂಡಿನಿಂದ ಬಂದ ನೀರು ಯಾವುದು, ಶ್ರೀರಂಗಪಟ್ಟಣದಿಂದ ಬಂದ ನೀರು ಯಾವುದು ಎಂದು ಬೇರ್ಪಡಿಸಲು ಯಾರಿಗೂ ಸಾಧ್ಯವಿಲ್ಲ. ಪವಿತ್ರ ದೀಕ್ಷಾಸ್ನಾನದ ಅರ್ಥವೂ ಇದೇ ಅಲ್ಲವೇ? ಈ ಅರ್ಥವನ್ನು ಕಲ್ಲಿನಲ್ಲಿ ನುಡಿಯುವ ಒಂದು ಬಗೆಯ ಪ್ರಾಚೀನ ಶಿಲ್ಪವನ್ನು ಇಲ್ಲಿ ಪರಿಶೀಲಿಸೋಣ.

ಉತ್ತರ ಫ್ರಾನ್ಸಿನ ನೋರ್ಪೇನ್ ಎಂಬ ಸಣ್ಣ ಗ್ರಾಮದ ದೇವಾಲಯದಲ್ಲಿ 12ನೆಯ ಶತಮಾನದ ಕಲ್ಲಿನ ದೀಕ್ಷಾಸ್ನಾನದ ತೊಟ್ಟಿಯೊಂದಿದೆ. ಇಂದಿನ ಬೆಲ್ಜಿಯಂಗೆ ಸೇರಿದ ಟೂರ್ನೆ ಪಟ್ಟಣದ ಕಪ್ಪು ಸುಣ್ಣಕಲ್ಲಿನಿಂದ ಅದನ್ನು ಮಾಡಲಾಗಿದೆ. ಟೂರ್ನೆಯ ಶಿಲ್ಪಿಗಳು ಕೆತ್ತಿದ ತೊಟ್ಟಿಗಳು ಎಸ್ಕೋ ನದಿಯ ಮೂಲಕ ದೂರದ ಊರುಗಳಿಗೆ, ಕಡಲು ದಾಟಿ ಇಂಗ್ಲೆಂಡಿಗೂ ಸಾಗಿದವು. ನಡುವೆ ಒಂದು ದಪ್ಪ ಕಂಬ, ಮೂಲೆಗಳಲ್ಲಿ ನಾಲ್ಕು ಸಣ್ಣ ಕಂಬಗಳು, ಮೇಲೆ ಚೌಕಾಕಾರದ ತೊಟ್ಟಿ: ಇದು ಅವುಗಳ ಪ್ರಸಿದ್ಧ ರೂಪ.

ಶಿಲ್ಪಕಲೆಯ ದೃಷ್ಟಿಯಿಂದ ಇವು ನಮ್ಮ ಕಣ್ಣಿಗೆ ಸಾಧಾರಣವೆನಿಸಬಹುದು. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 13ನೆಯ ಶತಮಾನದ ಹೊಯ್ಸಳ ದೇಗುಲವನ್ನು ಕಂಡವರು ನಾವು. ಅಲ್ಲಿ ಬಳಪದ ಕಲ್ಲು ಉಳಿಗೆ ಮಣಿದು ಹೂವಾಗಿದೆ. ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನೂ ಕೆತ್ತಿದ್ದಾನೆ. ಟೂರ್ನೆಯ ಕಲ್ಲು ಗಟ್ಟಿ, ಉಬ್ಬು ಕಡಿಮೆ, ಆಕೃತಿಗಳು ಗಿಡ್ಡ. ಕೆತ್ತಿದವರ ಹೆಸರು ಉಳಿದಿಲ್ಲ. ಆದರೆ ಅಕ್ಷರ ಬಾರದವರಿಗೂ ಕಥೆ ತಿಳಿಯುವಂತೆ ಹೇಳುವುದರಲ್ಲಿ ಅವರು ಸೋತಿಲ್ಲ. ವಿಂಚೆಸ್ಟರ್ ಪ್ರಧಾನಾಲಯದಲ್ಲಿರುವ ಇಂಥದೇ ತೊಟ್ಟಿಯ ಮೇಲೆ, ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆ ಹಣವಿತ್ತು ಕಾಪಾಡಿದ ಸಂತ ನಿಕೋಲಾಸರ ಕಥೆಯಿದೆ.

ಆದರೂ ಈ ತೊಟ್ಟಿಗಳ ನಿಜವಾದ ಸೌಂದರ್ಯ ಕೆತ್ತನೆಯಲ್ಲಿಲ್ಲ, ಬಳಕೆಯಲ್ಲಿದೆ. ಆ ಕಾಲದಲ್ಲಿ ಪಾಸ್ಖ ಹಬ್ಬದ ಜಾಗರಣೆಯಂದು ಮಂತ್ರಿಸಿದ ನೀರನ್ನು ತೊಟ್ಟಿಯಲ್ಲೇ ಕಾಪಾಡಿ, ಊರಿನ ಶಿಶುಗಳಿಗೆ ಅದರಿಂದಲೇ ದೀಕ್ಷೆ ನೀಡುತ್ತಿದ್ದರು. ಜಮೀನ್ದಾರನ ಮಗುವಿಗೂ ಜೀತಗಾರನ ಮಗುವಿಗೂ ಒಂದೇ ಕಲ್ಲು, ಒಂದೇ ನೀರು. ದೇವಾಲಯದ ಹೊರಗೆ ಆ ಸಮಾಜ ಮೇಲುಕೀಳನ್ನು ಬಿಡಲಿಲ್ಲವೆಂಬುದೂ ಸತ್ಯ. ತೊಟ್ಟಿ ಹೇಳಿದ್ದನ್ನು ಊರು ಕೇಳಲಿಲ್ಲ.

ನಾವು ಕೇಳಿದ್ದೇವೆಯೇ? ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಡಾ. ಅಂಬೇಡ್ಕರ್ ಅವರು ಮಹಾಡದಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ನೀರಿಗೂ ಜಾತಿಯ ಗೆರೆ ಎಳೆದ ನಾಡಿನಲ್ಲಿ, ಎಲ್ಲರ ಹಣೆಯ ಮೇಲೂ ಒಂದೇ ಪಾತ್ರೆಯ ನೀರನ್ನು ಸುರಿಯುವುದು ಸಣ್ಣ ಸಂಗತಿಯಲ್ಲ. ಕ್ರಿಸ್ತರಲ್ಲಿ ದೀಕ್ಷೆ ಪಡೆದವರಲ್ಲಿ ಒಡೆಯ, ದಾಸ ಎಂಬ ಭೇದವಿಲ್ಲವೆಂದು ಸಂತ ಪೌಲರು ಗಲಾತ್ಯರಿಗೆ ಬರೆದರು. ಆ ನೀರಿನಿಂದ ಎದ್ದ ನಾವೇ ಮಕ್ಕಳ ಮದುವೆಯ ಮಾತು ಬಂದಾಗ ಮೊದಲು ಜಾತಿಯನ್ನು ವಿಚಾರಿಸುತ್ತೇವೆ.

ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ದೀಕ್ಷಾಸ್ನಾನದ ತೊಟ್ಟಿ ಮೂಲೆ ಸೇರಿದೆ. ಅದರ ಕೆಲಸವನ್ನು ಮೇಜಿನ ಮೇಲಿನ ಬೋಗುಣಿ ಮಾಡುತ್ತಿದೆ. ಸಂಸ್ಕಾರಕ್ಕೆ ಅದರಿಂದ ಕೊರತೆಯಿಲ್ಲ, ನಿಜ. ಆದರೆ ಬೋಗುಣಿಯನ್ನು ಒಳಗಿಟ್ಟೊಡನೆ ನೆನಪೂ ಒಳಗೆ ಹೋಗುತ್ತದೆ. ಕಲ್ಲಿನ ತೊಟ್ಟಿ ಎದುರಿಗೇ ನಿಂತಿರುತ್ತದೆ, ಬಂದವರನ್ನೆಲ್ಲ ಕೇಳುತ್ತಿರುತ್ತದೆ. ಮುಂದಿನ ಪಾಸ್ಖ ಜಾಗರಣೆಯಲ್ಲಿ ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುವಾಗ, ಪಕ್ಕದಲ್ಲಿ ನಿಂತವರು ಯಾವ ಕೇರಿಯವರೆಂಬ ಲೆಕ್ಕವನ್ನು ನಾವು ಅಂದಾದರೂ ಆ ನೀರಿಗೆ ಬಿಟ್ಟೇವೆ?