ಅಂಕಿಗಳಾಚೆಯ ಕೋಚ್: ಕಾಲೇಜು ಬೇಸ್‌ಬಾಲ್ ಗುರುವಿನ ಬದುಕನ್ನು ನೋಡುವ ಬಗೆ

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲಿನಲ್ಲಿ ಮೊದಲು ಅಚ್ಚರಿ ತರುವುದು ಕೋಚ್‌ನ ಉಡುಪು. ಎಪ್ಪತ್ತು ದಾಟಿದ ಹಿರಿಯರೂ ಹತ್ತೊಂಬತ್ತರ ಹುಡುಗರು ತೊಟ್ಟ ಅದೇ ಅಂಗಿ, ಅದೇ ಪ್ಯಾಂಟು ತೊಟ್ಟು ನಿಂತಿರುತ್ತಾರೆ. ಆಡುವುದಿಲ್ಲ, ಆದರೆ ಆಟ ಅವರ ಕೈಯಲ್ಲಿದೆ. ಕ್ರಿಕೆಟಿನಲ್ಲಿ ಬೌಲರನ್ನು ಬದಲಿಸುವುದು ನಾಯಕ; ಇಲ್ಲಿ ಕೋಚ್ ತಾನೇ ಮೈದಾನದ ನಡುವಿಗೆ ನಡೆದು ಹೋಗಿ ಪಿಚರ್‌ನ ಕೈಯಿಂದ ಚೆಂಡು ಇಸಿದುಕೊಳ್ಳುತ್ತಾನೆ. ಎಷ್ಟೋ ಕಾಲೇಜು ತಂಡಗಳಲ್ಲಿ ಮುಖ್ಯ ಕೋಚ್ ಮೂರನೇ ಬೇಸಿನ ಪಕ್ಕ ನಿಂತು ಟೋಪಿ, ಕಿವಿ, ಎದೆ, ಮೊಣಕೈ ಮುಟ್ಟಿಕೊಳ್ಳುತ್ತಿರುತ್ತಾನೆ. ಅವುಗಳಲ್ಲಿ ಹೆಚ್ಚಿನವು ಎದುರಾಳಿಯ ಕಣ್ಣಿಗೆ ಮಣ್ಣೆರಚಲು, ಒಂದು ಮಾತ್ರ ನಿಜವಾದ ಸನ್ನೆ.

ಇಂಥವರ ವೃತ್ತಿಬದುಕನ್ನು ಸವಿಯುವುದು ಹೇಗೆ? ಗೆಲುವಿನ ಲೆಕ್ಕದಿಂದ ಶುರು ಮಾಡಬೇಡಿ. ಒಬ್ಬ ಕೋಚ್‌ನನ್ನು ಹಿಡಿದು, ಮೊದಲ ಕೆಲಸದಿಂದ ಕೊನೆಯ ಋತುವಿನವರೆಗೆ ಅವನ ಹಿಂದೆ ನಡೆಯಿರಿ. ನನ್ನ ಆಯ್ಕೆ ಆಗೀ ಗರೀಡೊ.

1939ರಲ್ಲಿ ಕ್ಯಾಲಿಫೋರ್ನಿಯಾದ ವಲೇಹೋದಲ್ಲಿ ಹುಟ್ಟಿದ ಗರೀಡೊ, ಫ್ರೆಸ್ನೊ ಸ್ಟೇಟ್ ಕಾಲೇಜಿನ ಪರವಾಗಿ 1959ರ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ಆಡಿದವರು. ವೃತ್ತಿಪರ ಆಟಗಾರರಾಗಿ ಕೆಳಹಂತದ ಲೀಗುಗಳನ್ನು ದಾಟಲಿಲ್ಲ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲಿ ಕೋಚ್ ಆದರು, ಆಮೇಲೆ ಕ್ಯಾಲ್ ಪಾಲಿ, 1973ರಲ್ಲಿ ಕ್ಯಾಲ್ ಸ್ಟೇಟ್ ಫುಲರ್ಟನ್. ಬೇಸ್‌ಬಾಲ್ ಲೋಕದಲ್ಲಿ ಆಗ ಫುಲರ್ಟನ್ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಪ್ರತಿಭಾವಂತ ಹುಡುಗರೆಲ್ಲ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಯುಎಸ್‌ಸಿ) ಹೋಗುತ್ತಿದ್ದ ಕಾಲ ಅದು. ಅಲ್ಲಿನ ಕೋಚ್ ರಾಡ್ ಡೆಡೋ 1970ರಿಂದ 1974ರವರೆಗೆ ಸತತ ಐದು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದರು. ಆ ಆಲದ ಮರದ ನೆರಳಿನಲ್ಲಿ ಗರೀಡೊ ಸಸಿ ನೆಟ್ಟರು. 1975ರಲ್ಲಿ ತಂಡವನ್ನು ಕಾಲೇಜು ಕ್ರೀಡೆಯ ಅತ್ಯುನ್ನತ ದರ್ಜೆಯಾದ ಡಿವಿಷನ್ ಒನ್ ಮಟ್ಟಕ್ಕೆ ಏರಿಸಿ, ಅದೇ ವರ್ಷ ಓಮಾಹಾಕ್ಕೆ ಕರೆದೊಯ್ದರು. 1979ರಲ್ಲಿ ಗೆದ್ದೇಬಿಟ್ಟರು.

ಓಮಾಹಾ ಎಂದರೇನು ಎಂಬುದನ್ನು ಹೊಸಬರು ತಿಳಿದಿರಬೇಕು. ನೆಬ್ರಾಸ್ಕಾ ರಾಜ್ಯದ ಈ ಊರಿನಲ್ಲಿ 1950ರಿಂದ ಜೂನ್ ತಿಂಗಳಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್ ನಡೆಯುತ್ತಾ ಬಂದಿದೆ. ಉಳಿಯುವುದು ಎಂಟೇ ತಂಡ, ಎರಡು ಬಾರಿ ಸೋತವರು ಮನೆಗೆ. 2003ರಿಂದ ಅಂತಿಮ ಘಟ್ಟ ಗರಿಷ್ಠ ಮೂರು ಪಂದ್ಯಗಳದ್ದು. ಕಾಲೇಜು ಆಟಗಾರರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಗುರಿ ಒಂದೇ, ಓಮಾಹಾ.

ಈಗ ಕಲೆಯ ತಿರುಳಿಗೆ ಬರೋಣ. ಗರೀಡೊ ತಂಡಗಳ ಆಟವನ್ನು ಸವಿಯಲು ಬಂಟ್ ಗೊತ್ತಿರಬೇಕು. ಮೊದಲ ಬೇಸ್‌ನಲ್ಲಿ ಒಬ್ಬ ಓಟಗಾರ ನಿಂತಿದ್ದಾನೆ, ಇನ್ನೂ ಯಾರೂ ಔಟಾಗಿಲ್ಲ. ಬ್ಯಾಟರ್ ಬೀಸುವುದಿಲ್ಲ. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆತ್ತಗೆ ನೆಲಕ್ಕೆ ಬೀಳಿಸುತ್ತಾನೆ. ಎದುರಾಳಿಗಳು ಚೆಂಡು ಹೆಕ್ಕಿ ಅವನನ್ನು ಔಟ್ ಮಾಡುತ್ತಾರೆ, ಅದು ಅವನಿಗೆ ಮೊದಲೇ ಗೊತ್ತು. ಅಷ್ಟರಲ್ಲಿ ಗೆಳೆಯ ಎರಡನೇ ಬೇಸ್ ಸೇರಿರುತ್ತಾನೆ. ಅಲ್ಲಿಂದ ಒಂದು ಒಳ್ಳೆಯ ಹೊಡೆತ ಬಿದ್ದರೆ ರನ್ನು.

ನೋಡಲು ಇದು ಸಪ್ಪೆ. ಆದರೆ ಹೊಡೆಯುವ ಹುಡುಗ ಯಾರೆಂದು ನೆನಪಿಡಿ. 1974ರಿಂದ ಕಾಲೇಜು ಆಟದಲ್ಲಿ ಅಲ್ಯೂಮಿನಿಯಂ ಬ್ಯಾಟು ಬಂದು ಚೆಂಡು ದೂರ ಹಾರತೊಡಗಿತ್ತು. ಹುಡುಗನಿಗೆ ವೃತ್ತಿಪರ ತಂಡಗಳ ಕಣ್ಣಿಗೆ ಬೀಳುವ ಆಸೆ. ಅವರು ಅವನನ್ನು ಆರಿಸಿಕೊಳ್ಳುವುದು ದೊಡ್ಡ ಹೊಡೆತ ನೋಡಿ. ಬಹುತೇಕರು ಮೂರನೇ ವರ್ಷ ಮುಗಿಯುತ್ತಲೇ ಆ ತಂಡಗಳ ಆಯ್ಕೆ ಪ್ರಕ್ರಿಯೆಯಾದ ಡ್ರಾಫ್ಟ್‌ಗೆ ಹೋಗಬಲ್ಲರು. ಇನ್ನು ವಿದ್ಯಾರ್ಥಿವೇತನ? ಇಡೀ ತಂಡಕ್ಕೆ ಪೂರ್ತಿಯಾದದ್ದು ಹನ್ನೊಂದು ಚಿಲ್ಲರೆ ಮಾತ್ರ ಇರುತ್ತಿತ್ತು. ದೀರ್ಘಕಾಲ ಕೋಚ್‌ಗಳು ಅದನ್ನೇ ತುಂಡು ತುಂಡು ಮಾಡಿ ಹಂಚಬೇಕಿತ್ತು. ಅಂಥ ಹುಡುಗನ ಕೈಯಲ್ಲಿ, ಪಂದ್ಯದ ಬಿಸಿಯಲ್ಲಿ, ತಾನಾಗಿ ಔಟಾಗುವ ಆಟ ಆಡಿಸುವುದು ಸಣ್ಣ ಮಾತಲ್ಲ. ತನ್ನ ಕೋಚ್ ಮೇಲೆ ಅವನಿಗೆ ಪೂರ್ತಿ ನಂಬಿಕೆ ಬೇಕು. ಕೋಚ್‌ನ ಪ್ರತಿಭೆಯನ್ನು ಅಳೆಯಲು ನನಗೆ ಇದಕ್ಕಿಂತ ನಿಖರವಾದ ಅಳತೆ ಕಂಡಿಲ್ಲ.

ಗರೀಡೊ 1984ರ ಫೈನಲ್‌ನಲ್ಲಿ ಟೆಕ್ಸಸ್ ತಂಡವನ್ನು 3-1ರಿಂದ ಸೋಲಿಸಿದರು. ಇಲಿನಾಯ್‌ನಲ್ಲಿ ಮೂರು ಋತು ಕಳೆದು ಫುಲರ್ಟನ್‌ಗೆ ಮರಳಿ, 1995ರಲ್ಲಿ ಮಾರ್ಕ್ ಕಾಟ್ಸೆ ಇದ್ದ ಅಮೋಘ ತಂಡದೊಂದಿಗೆ ಮತ್ತೆ ಗೆದ್ದರು. 1997ರ ಋತುವಿಗೆ, ತಾವೇ ಹಿಂದೆ ಮಣಿಸಿದ್ದ ಟೆಕ್ಸಸ್‌ನ ಕೋಚ್ ಆದರು. ಅಲ್ಲಿ 2002 ಮತ್ತು 2005ರಲ್ಲಿ ಪ್ರಶಸ್ತಿ. ನಡುವೆ 2004ರ ಫೈನಲ್ ಬಂತು: ಎದುರಿಗೆ ಫುಲರ್ಟನ್, ಅದರ ಕೋಚ್ ಒಂದು ಕಾಲಕ್ಕೆ ಗರೀಡೊ ಅವರ ಸಹಾಯಕರಾಗಿದ್ದ ಜಾರ್ಜ್ ಹಾರ್ಟನ್. ಶಿಷ್ಯನೇ ಗೆದ್ದ. ಈ ವೃತ್ತಿಬದುಕಿನಲ್ಲಿ ಒಂದೇ ಪಂದ್ಯಸರಣಿಯನ್ನು ಆರಿಸಿಕೊಳ್ಳಿ ಎಂದರೆ ನಾನು ಆರಿಸುವುದು ಇದನ್ನೇ. ಫುಲರ್ಟನ್ ಎಂಬ ಹೆಸರಿಗೆ ತೂಕ ತಂದವರು ಗರೀಡೊ. ಅಂದು ಆ ತೂಕವೇ ಅವರನ್ನು ಮಣಿಸಿತು.

ಮೆಚ್ಚುವವರು ಕಣ್ಣು ಮುಚ್ಚಿ ಮೆಚ್ಚಬಾರದು. 2009ರ ಮೇ 30ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ಮತ್ತು ಬಾಸ್ಟನ್ ಕಾಲೇಜ್ ನಡುವಿನ ಪಂದ್ಯ ವಾಡಿಕೆಯ ಒಂಬತ್ತು ಇನಿಂಗ್ಸ್‌ಗೆ ಮುಗಿಯದೆ ಇಪ್ಪತ್ತೈದು ಇನಿಂಗ್ಸ್, ಏಳು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಟೆಕ್ಸಸ್ 3-2ರಿಂದ ಗೆದ್ದಿತು. ಅಂದು ಆಸ್ಟಿನ್ ವುಡ್ ಎಂಬ ಪಿಚರ್ ಬದಲಿಯಾಗಿ ಬಂದು ಹದಿಮೂರು ಇನಿಂಗ್ಸ್‌ಗಳಲ್ಲಿ 169 ಚೆಂಡು ಎಸೆದ. ಅದರಲ್ಲಿ ಹನ್ನೆರಡಕ್ಕೂ ಹೆಚ್ಚು ಇನಿಂಗ್ಸ್ ಎದುರಾಳಿಗೆ ಒಂದೂ ಹಿಟ್ ಸಿಗಲಿಲ್ಲ. ನೋಡಿದವರು ಮರೆಯಲಾರದ ಸಾಧನೆ ಅದು. ಆದರೆ ಆ ತೋಳನ್ನು ಕಾಯಬೇಕಾದವನು ಕೋಚ್. ವುಡ್ ಮುಂದೆ ಮೇಜರ್ ಲೀಗ್ ಮುಟ್ಟಲಿಲ್ಲ. ಅದಕ್ಕೆ ಆ ರಾತ್ರಿಯೇ ಕಾರಣ ಎನ್ನಲಾಗದು, ಆದರೂ ಅಷ್ಟು ಎಸೆಯಲು ಬಿಟ್ಟದ್ದು ತಪ್ಪು ಎಂದೇ ನನ್ನ ಎಣಿಕೆ. ನಂಬಿಕೆ ಸಂಪಾದಿಸಿದ ಕೋಚ್ ಕೇಳಿದರೆ ಹುಡುಗ ಇಲ್ಲವೆನ್ನುವುದಿಲ್ಲ. ಸಾಕು ಎಂಬ ಮಾತು ಕೋಚ್‌ನ ಬಾಯಿಂದಲೇ ಬರಬೇಕು.

ಕೊನೆಯ ಋತು 2016. ಟೆಕ್ಸಸ್ ಗೆದ್ದದ್ದು 25, ಸೋತದ್ದು 32. ಗರೀಡೊ ಹುದ್ದೆ ಬಿಟ್ಟಾಗ ಒಟ್ಟು ಗೆಲುವು 1,975, ಡಿವಿಷನ್ ಒನ್‌ನಲ್ಲಿ ಅಲ್ಲಿಯವರೆಗಿನ ಅತಿ ಹೆಚ್ಚು. 2018ರ ಮಾರ್ಚ್ 15ರಂದು ತೀರಿಕೊಂಡರು. ಎರಡು ತಿಂಗಳೊಳಗೆ ಫ್ಲಾರಿಡಾ ಸ್ಟೇಟ್‌ನ ಮೈಕ್ ಮಾರ್ಟಿನ್ ಆ ದಾಖಲೆ ಮುರಿದರು. ಮಾರ್ಟಿನ್ 1980ರಿಂದ 2019ರವರೆಗೆ ಒಂದೇ ಕಾಲೇಜಿನಲ್ಲಿ ನಿಂತು 2,029 ಪಂದ್ಯ ಗೆದ್ದವರು. ಹದಿನೇಳು ಬಾರಿ ಓಮಾಹಾಕ್ಕೆ ಹೋದರೂ ಒಮ್ಮೆಯೂ ಪ್ರಶಸ್ತಿ ದಕ್ಕಲಿಲ್ಲ. ಹಾಗಾದರೆ ಮಾರ್ಟಿನ್ ಸೋತರೇ? ನಲವತ್ತು ವರ್ಷ ಒಂದು ಋತುವೂ ತಪ್ಪದೆ, ಓಮಾಹಾಕ್ಕೆ ದಾರಿಯಾದ ರಾಷ್ಟ್ರೀಯ ಸುತ್ತಿಗೆ ತಂಡವನ್ನು ಒಯ್ದವರನ್ನು ಸೋತರು ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಆಸಕ್ತಿ ಹುಟ್ಟಿದ್ದರೆ ರಿಚರ್ಡ್ ಲಿಂಕ್‌ಲೇಟರ್ 2008ರಲ್ಲಿ ಗರೀಡೊ ಕುರಿತು ತೆಗೆದ ಸಾಕ್ಷ್ಯಚಿತ್ರ ‘ಇನಿಂಗ್ ಬೈ ಇನಿಂಗ್’ ನೋಡಿ. ಕೋಚ್ ಹುಡುಗರ ಮೇಲೆ ರೇಗುವ ದೃಶ್ಯಗಳು ಖಾರವಾಗಿವೆ, ಅವುಗಳನ್ನು ದಾಟಿ ಮುಂದೆ ಹೋಗಿ. ಟೆಕ್ಸಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿರುವ ಕನ್ನಡಿಗರಿಗೆ ಚಿತ್ರವೇ ಬೇಕಿಲ್ಲ. ಆಸ್ಟಿನ್‌ನ ಡಿಶ್-ಫಾಕ್ ಮೈದಾನ ಊರೊಳಗೇ ಇದೆ, ಫೆಬ್ರವರಿ ನಡುವಿಗೆ ಋತು ಶುರುವಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಒಂದು ಶನಿವಾರ ಹೋಗಿ ಬನ್ನಿ.